ದುರ್ಗದ ಮಾಗಿಯಲ್ಲಿ ಜೋರಾಗಿ ತುಳಿಯಲು ಹಾರ್ಡ್‌ಟೇಲ್: ನಾನು ಆರಿಸಿದ್ದು ಹೀಗೆ

ಚಿತ್ರದುರ್ಗದ ಕಡೆ ಸೈಕಲ್ ಜೋರಾಗಿ ಓಡಿಸಬೇಕು ಅಂದರೆ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿವರೆಗಿನ ಕಾಲವೇ ಸರಿ. ಮಳೆ ನಿಂತಿರುತ್ತದೆ. ಎರೆ ಹೊಲದ ಬಂಡಿ ದಾರಿಯಲ್ಲಿ ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳಿಗೆ ಹೋಗುವ ಗರಸು ದಾರಿ ಚೆನ್ನಾಗಿ ಕೂತಿರುತ್ತದೆ. ಬೆಳಿಗ್ಗೆ 15-16 ಡಿಗ್ರಿ ಇರುವುದರಿಂದ ಎಷ್ಟು ತುಳಿದರೂ ಸುಸ್ತು ಬೇಗ ಬರುವುದಿಲ್ಲ. ಏಪ್ರಿಲ್‌ನಲ್ಲಿ ಇದೇ ದಾರಿಯಲ್ಲಿ ಎಂಟು ಗಂಟೆಗೇ ನೆತ್ತಿ ಸುಡುತ್ತದೆ.

ಮಾಗಿಯ ದಾರಿಗೆ ಅದರದ್ದೇ ತೊಂದರೆಗಳೂ ಇವೆ. ಅರ್ಧ ದಾರಿ ಟಾರು, ಅರ್ಧ ಗರಸು. ಬೆಳಗಿನ ಹೊತ್ತು ಮೂಡಗಾಳಿ. ಒಣಗಿದ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು. ಡಿಸೆಂಬರ್ ಬಂತು ಅಂದರೆ ಹಳ್ಳಿ ರಸ್ತೆಯ ಮೇಲೇ ರಾಗಿ, ಹುರುಳಿ ಹರಡಿ ಒಕ್ಕುತ್ತಾರೆ. ಬೆಂಗಳೂರಿನವರೋ ಯುರೋಪಿನವರೋ ಹೇಳಿದ ಸೈಕಲ್ ತಂದರೆ ಇಲ್ಲಿಗೆ ಹೊಂದುತ್ತದೆ ಅಂತ ಹೇಳೋಕಾಗಲ್ಲ. ನಾನು ಇಲ್ಲಿನ ದಾರಿಯನ್ನು ಮುಂದಿಟ್ಟುಕೊಂಡೇ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಶಾಕ್ ಇರುವ ಗುಡ್ಡಗಾಡಿನ ಸೈಕಲ್ ಹುಡುಕಿದೆ.

ಮಧ್ಯಮ ಬೆಲೆ ಅಂದರೆ ನನ್ನ ಲೆಕ್ಕದಲ್ಲಿ 40 ಸಾವಿರದಿಂದ 70 ಸಾವಿರ. ಟ್ರೆಕ್ ಮಾರ್ಲಿನ್, ಜೈಂಟ್ ಟ್ಯಾಲನ್, ಮೆರಿಡಾ ಬಿಗ್ ನೈನ್, ಸ್ಕಾಟ್ ಆಸ್ಪೆಕ್ಟ್, ಪಾಲಿಗಾನ್ ಎಕ್ಸ್‌ಟ್ರಾಡಾ, ಡೆಕಾಥ್ಲಾನಿನ ರಾಕ್‌ರೈಡರ್ ಇಂಥವನ್ನು ಈ ಬೆಲೆಗೆ ಹುಡುಕುವವರು ನೋಡೇ ನೋಡುತ್ತಾರೆ. ಆದರೆ ಇವುಗಳಲ್ಲಿ ಇಂಥದ್ದೇ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದೇ ಹೆಸರಿನ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಗೇರು, ರಿಮ್ ಎಲ್ಲ ಬದಲಾಗುತ್ತವೆ. ಸೈಕಲ್ ಮುಂದೆ ಕೂತು ಒಂದೊಂದು ಭಾಗವನ್ನೂ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ತಗೊಳ್ಳುವುದೇ ವಾಸಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೇ ಬೆಲೆಯ ಚೀಟಿ ಅಂಟಿಸಿದ್ದರೆ ಅದನ್ನೂ ಕೇಳಿ.

ಅಂಗಡಿಗಳಲ್ಲಿ ಮಾತು ಶುರುವಾಗುವುದೇ ಗೇರಿನಿಂದ. "ಸಾರ್, ಇದರಲ್ಲಿ 24 ಗೇರ್ ಇದೆ, ಅದರಲ್ಲಿ ಬರೀ 11" ಅಂತಾರೆ. ನಾನು ಚಕ್ರದಿಂದ ಶುರು ಮಾಡಿದೆ. ವೇಗಕ್ಕೆ ಚಕ್ರವೇ ಮುಖ್ಯ. ಗೇರು ಆಮೇಲೆ ಬದಲಾಯಿಸಬಹುದು, ಒಳ್ಳೆಯ ಚಕ್ರ ಬೇರೆ ಕೊಳ್ಳಲು ಹೋದರೆ ದುಡ್ಡು ನೀರಾಗುತ್ತದೆ.

29 ಇಂಚಿನದ್ದು ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಬಂಡಿ ಜಾಡಿನ ಗುಂಡಿ, ಗರಸಿನ ಕಲ್ಲು ಇವುಗಳ ಮೇಲೆ ದೊಡ್ಡ ಚಕ್ರ ಸಲೀಸಾಗಿ ಉರುಳುತ್ತದೆ, ಹಿಡಿದ ವೇಗ ಬೇಗ ಬಿಟ್ಟುಕೊಡುವುದಿಲ್ಲ. ಇನ್ನೊಂದು ಲಾಭ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 29 ಇಂಚಿನ ರಿಮ್ಮೂ ರೋಡ್ ಸೈಕಲ್‌ನ 700ಸಿ ರಿಮ್ಮೂ ಒಂದೇ ಅಳತೆ, ಎರಡೂ 622 ಮಿಲಿಮೀಟರ್. ಅಂದರೆ ಅದೇ ಚಕ್ರಕ್ಕೆ 40 ಮಿಮೀ ಗ್ರಾವೆಲ್ ಟೈರ್ (ಟಾರಿಗೂ ಗರಸಿಗೂ ಆಗುವ ಸಣ್ಣ ಟೈರ್) ಹಾಕಿ ಬರೀ ಟಾರಿನ ಮೇಲೆ ದೂರ ಹೋಗಬಹುದು. ರಿಮ್ಮಿನ ಒಳ ಅಗಲ 25 ಮಿಮೀ ಆಸುಪಾಸಿನಲ್ಲಿದ್ದರೆ ಇದು ಚೆನ್ನಾಗಿ ಕೂರುತ್ತದೆ. 27.5ರ ರಿಮ್ 584 ಮಿಮೀ. ಅದಕ್ಕೆ ಇಷ್ಟು ಬಗೆಯ ಟೈರು ಸಿಗುವುದಿಲ್ಲ. ಕುಳ್ಳಗಿರುವವರಿಗೆ ಕೆಲವು ಕಂಪನಿಗಳು ಸಣ್ಣ ಸೈಜಿನ ಫ್ರೇಮಿಗೆ 27.5 ಚಕ್ರವನ್ನೇ ಕೊಡುತ್ತವೆ. ಅವರಿಗೆ ಅದೇ ಸರಿ, ಸುಮ್ನೆ 29ಕ್ಕೆ ಹಟ ಹಿಡಿಯುವುದು ಬೇಡ.

ಆಮೇಲೆ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಭಾಗ. ಇಲ್ಲಿ ಸ್ವಲ್ಪ ಬಗ್ಗಿ ನೋಡಬೇಕು. ಹಿಂದಿನ ಹಲ್ಲುಚಕ್ರಗಳ ಗೊಂಚಲು ಹಬ್ಬಿನ ಮೇಲೆ ಜಾರಿಸಿ ಕೂರಿಸಿದ ಕ್ಯಾಸೆಟ್ಟಾ, ತಿರುಪಿ ಕೂರಿಸಿದ ಹಳೇ ಬಗೆಯ ಫ್ರೀವೀಲಾ? ಪೆಡಲ್ ಹಿಂದಕ್ಕೆ ತಿರುಗಿಸಿ, ಅತಿ ಸಣ್ಣ ಹಲ್ಲಿನ ಚಕ್ರದ ಮಧ್ಯೆ ಟೂಲ್ ಕೂರುವ ಗೀರುಗಳಿರುವ ಭಾಗ ನೋಡಿ. ಅದೂ ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್. ಹಲ್ಲು ಮಾತ್ರ ತಿರುಗಿ ಆ ಭಾಗ ನಿಂತೇ ಇದ್ದರೆ ಫ್ರೀವೀಲ್. ಫ್ರೀವೀಲ್ ಇದ್ದರೆ ಬಲಗಡೆ ಬೇರಿಂಗ್ ಒಳಗೆ ದೂರದಲ್ಲಿರುತ್ತದೆ. ಆಕ್ಸಲ್‌ನ ಉದ್ದದ ತುದಿಗೆ ಆಧಾರ ಇರುವುದಿಲ್ಲ. ಗರಸಿನಲ್ಲಿ ಜೋರಾಗಿ ಇಳಿಸಿದರೆ ಆ ಆಕ್ಸಲ್ ಬೆಂಡಾಗುತ್ತದೆ, ಮುರಿಯಲೂಬಹುದು. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ತುದಿಗೇ ಇರುತ್ತದೆ. 40 ಸಾವಿರ ಕೊಡುವ ಸೈಕಲ್‌ನಲ್ಲಿ ಫ್ರೀವೀಲ್ ಕಂಡರೆ ನಾನು ಮುಂದಿನ ಮಾತೇ ಆಡುವುದಿಲ್ಲ.

ಇನ್ನು ಮುಳ್ಳಿನ ವಿಷಯ. ನಮ್ಮಲ್ಲಿ ವೇಗ ಕಡಿಮೆಯಾಗುವುದು ಕಾಲಿನ ಶಕ್ತಿ ಸಾಲದೆ ಅಲ್ಲ, ಪಂಕ್ಚರ್‌ನಿಂದ. ಮಳೆಗಾಲದಲ್ಲಿ ನೆಗ್ಗಿಲು ಬಳ್ಳಿ ದಾರಿ ಬದಿಯಲ್ಲಿ ಹಸಿರಾಗಿ ಹಳದಿ ಹೂ ಬಿಟ್ಟು ಹಬ್ಬಿರುತ್ತದೆ. ಮಾಗಿಗೆ ಬಳ್ಳಿ ಒಣಗಿ ಕಾಯಿ ಉದುರುತ್ತದೆ. ಆ ಕಾಯಿಯ ತುಂಡು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಒಂದು ಹೊಲದ ಬದು ದಾಟಿ ಬಂದರೆ ಟೈರಿನಲ್ಲಿ ಎಷ್ಟೋ ಕೂತಿರುತ್ತವೆ. ಟ್ಯೂಬ್ ಹಾಕಿದ ಸೈಕಲ್‌ನಲ್ಲಿ ಇದಕ್ಕೆ ಪ್ಯಾಚ್ ಹಚ್ಚುತ್ತಾ ಕೂತರೆ ಬಿಸಿಲು ಏರುತ್ತದೆ. ಹಾಗಾಗಿ ರಿಮ್ಮೂ ಟೈರೂ ಎರಡೂ ಟ್ಯೂಬ್‌ಲೆಸ್ ರೆಡಿ (ಟ್ಯೂಬಿಲ್ಲದೆ ಗಾಳಿ ಹಿಡಿಯುವಂಥವು) ಇರಬೇಕು ಅನ್ನುವುದು ನನ್ನ ಮುಖ್ಯ ಷರತ್ತು. ಈ ಬೆಲೆಯಲ್ಲಿ ರಿಮ್ ಟ್ಯೂಬ್‌ಲೆಸ್ ರೆಡಿ ಇದ್ದು ಟೈರ್ ಮಾತ್ರ ತಂತಿ ಅಂಚಿನ ಸಾದಾ ಟೈರ್ ಆಗಿರುವುದೇ ಜಾಸ್ತಿ. ಪರವಾಗಿಲ್ಲ, ಟೈರ್ ಹೇಗಿದ್ದರೂ ಬದಲಾಯಿಸುವುದೇ. ರಿಮ್ ಮಾತ್ರ ಸರಿ ಇರಲಿ.

ನಾನು ತಂದ ಮೇಲೆ ಮಾಡಿಸಿದ ಮೊದಲ ಕೆಲಸ ಇದೇ. ರಿಮ್ ಟೇಪ್, ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್, ಒಂದು ಚಕ್ರಕ್ಕೆ ಸುಮಾರು 100 ಮಿಲಿ ಸೀಲಂಟ್ (ತೂತು ಮುಚ್ಚುವ ದ್ರವ). ಕೈ ಪಂಪಿನಲ್ಲಿ ಟೈರ್ ರಿಮ್ಮಿಗೆ ಕೂರುವುದು ಕಷ್ಟ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಕು. ಅಲ್ಲಿನ ನಳಿಕೆ ಮೋಟಾರ್ ಬೈಕಿನ ವಾಲ್ವಿಗೆ ಮಾಡಿದ್ದು, ಪ್ರೆಸ್ಟಾಗೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಜೇಬಿನಲ್ಲಿಟ್ಟುಕೊಂಡು ಹೋದೆ. ಗಾಳಿ ಬಿಟ್ಟ ತಕ್ಷಣ ಟೈರಿನ ಅಂಚು ಟಪ್ ಟಪ್ ಅಂತ ರಿಮ್ಮಿಗೆ ಕೂತಿತು. ಅಂಗಡಿಯವರು "ಟ್ಯೂಬೇ ಇಲ್ಲವೇನಣ್ಣ ಇದ್ರಾಗೆ?" ಅಂತ ಚಕ್ರ ತಿರುಗಿಸಿ ತಿರುಗಿಸಿ ನೋಡಿದರು.

ಈಗ ನೆಗ್ಗಿಲು ಚುಚ್ಚಿದರೆ ಆಗುವುದು ಇಷ್ಟೇ. ಕಿತ್ತ ಕಡೆ ಬಿಳಿ ಹನಿಯೊಂದು ನೊರೆ ಕಟ್ಟಿಕೊಂಡು ಉಸ್ ಅನ್ನುತ್ತದೆ. ಆ ಜಾಗ ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದರೆ ಮುಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಎಲ್ಲ ಮುಳ್ಳನ್ನೂ ಕೀಳಲು ಹೋಗಬೇಡಿ, ಮನೆಗೆ ಬಂದ ಮೇಲೆ ಕೀಳಿ. ಜಾಲಿ ಮುಳ್ಳು ಉದ್ದ. ಟೈರಿನ ಪಕ್ಕದ ಗೋಡೆಗೆ ಅದು ಹೊಕ್ಕರೆ ಸೀಲಂಟ್ ಹಿಡಿಯುವುದು ಅನುಮಾನ. ಅದಕ್ಕೆ ಒಂದು ಟ್ಯೂಬ್ ಜೊತೆಯಲ್ಲಿ ಇದ್ದೇ ಇರಲಿ. ನಮ್ಮ ಒಣ ಹವೆಗೆ ಸೀಲಂಟ್ ಎರಡು ಮೂರು ತಿಂಗಳಿಗೆ ಒಣಗುತ್ತದೆ. ನವೆಂಬರ್‌ನಲ್ಲಿ ಹಾಕಿಸಿದ್ದನ್ನು ಸಂಕ್ರಾಂತಿ ಆಸುಪಾಸಿನಲ್ಲಿ ಒಮ್ಮೆ ನೋಡಿ ಸ್ವಲ್ಪ ಸೇರಿಸಬೇಕು.

ಟೈರಿನ ಹಲ್ಲೂ ಮುಖ್ಯ. ಅಂಗಡಿಯಲ್ಲಿ ದಪ್ಪ ದಪ್ಪ ಹಲ್ಲಿನ ಟೈರ್ ನೋಡಲು ಚೆಂದ, ಟಾರಿನ ಮೇಲೆ ಗುಂಯ್ ಅನ್ನುತ್ತಾ ಕಾಲು ಎಳೆಯುತ್ತದೆ. ಒಣ ನೆಲಕ್ಕೆ ಮಧ್ಯೆ ಗಿಡ್ಡ ಹಲ್ಲು ಒತ್ತೊತ್ತಾಗಿದ್ದು, ಅಂಚಿನಲ್ಲಿ ಮಾತ್ರ ಎತ್ತರದ ಹಲ್ಲಿರುವ ಟೈರ್ ಸಾಕು. ವಿಟ್ಟೋರಿಯಾ ಮೆಜ್ಕಾಲ್ ಈ ಬಗೆಯದು. 2.2 ಇಂಚು ಅಗಲ ಹದವಾಗಿದೆ. ಗರಸಿನ ಉರುಟು ಕಲ್ಲಿನ ಮೇಲೆ ತಿರುವು ತೆಗೆದುಕೊಳ್ಳುವಾಗ ಅಂಚಿನ ಹಲ್ಲಿನ ಬೆಲೆ ಗೊತ್ತಾಗುತ್ತದೆ.

ಫೋರ್ಕ್‌ಗೆ ಬರೋಣ. ಹಾರ್ಡ್‌ಟೇಲ್ ಅಂದರೆ ಶಾಕ್ ಮುಂದೆ ಮಾತ್ರ. ಹಿಂದೆ ಫ್ರೇಮ್ ಗಟ್ಟಿ. ತುಳಿದ ಶಕ್ತಿ ವ್ಯರ್ಥವಾಗದೆ ಚಕ್ರಕ್ಕೆ ಹೋಗುತ್ತದೆ, ವೇಗಕ್ಕೆ ಇದೇ ಬೇಕು. ಈ ಬೆಲೆಯ ಕೆಳಗಿನ ತುದಿಯಲ್ಲಿ ಸನ್‌ಟೂರ್ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಥರದ ಸ್ಪ್ರಿಂಗ್ ಫೋರ್ಕ್ ಬರುತ್ತವೆ. ಮೇಲಿನ ತುದಿಯಲ್ಲಿ ಗಾಳಿಯ ಫೋರ್ಕ್ ಸಿಗುತ್ತದೆ. ಸ್ಪ್ರಿಂಗಿನದ್ದು ಭಾರ, ಎಲ್ಲರ ತೂಕಕ್ಕೂ ಒಂದೇ ಬಿಗಿ. ಗಾಳಿಯದ್ದನ್ನು ನಮ್ಮ ತೂಕಕ್ಕೆ ತಕ್ಕಂತೆ ಶಾಕ್ ಪಂಪಿನಲ್ಲಿ ಹೊಂದಿಸಬಹುದು. ನಾನು 50 ಸಾವಿರ ದಾಟಿ ಹೋಗಿದ್ದು ಇದೊಂದಕ್ಕೇ. ಅದು ಆಗಲಿಲ್ಲ ಅಂದರೆ ಸ್ಪ್ರಿಂಗ್ ಫೋರ್ಕೇ ಇರಲಿ, ಹೈಡ್ರಾಲಿಕ್ ಲಾಕ್‌ಔಟ್ (ಶಾಕ್ ಅಲುಗದ ಹಾಗೆ ಬಿಗಿ ಮಾಡುವ ವ್ಯವಸ್ಥೆ) ಮಾತ್ರ ಬೇಕು. ಟಾರಿಗೆ ಬಂದಾಗ ಲಾಕ್ ಮಾಡಿ ಎದ್ದು ನಿಂತು ತುಳಿಯಬಹುದು. ಅಂಗಡಿಯಲ್ಲೇ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒತ್ತಿ ನೋಡಿ. ನಯವಾಗಿ ಇಳಿದು ಎದ್ದು ಬರಬೇಕು. ಹಿಂದೆ ಮುಂದೆ ಅಲ್ಲಾಡಿಸಿದರೆ ಕಟಕ್ ಅನ್ನಬಾರದು. ಲಾಕ್ ಹಾಕಿದ ಮೇಲೆ ಹೆಚ್ಚುಕಡಿಮೆ ಅಲುಗಬಾರದು. ಹೆಡ್ ಟ್ಯೂಬ್ (ಫೋರ್ಕ್ ಕೂರುವ ಫ್ರೇಮಿನ ಮುಂದಿನ ಪೈಪು) ಕೆಳಗಡೆ ಅಗಲವಾಗಿ ಟೇಪರ್ಡ್ ಇದ್ದರೆ ಮುಂದೆ ಒಳ್ಳೆಯ ಫೋರ್ಕ್ ಹಾಕಿಸಲು ದಾರಿ ಇರುತ್ತದೆ.

ಗೇರಿನ ಲೆಕ್ಕ ನಾನು ಕಾಗದದ ಮೇಲೆ ಹಾಕಿದೆ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ, ಮುಂದೆ 30 ಹಲ್ಲು ಹಿಂದೆ 11 ಇದ್ದಾಗ ಗಂಟೆಗೆ ಸುಮಾರು 34 ಕಿಮೀ. ಮುಂದೆ 32 ಇದ್ದರೆ 36, 34 ಇದ್ದರೆ 38. ಮುಂದೆ ಮೂರು ಹಲ್ಲುಚಕ್ರ ಇರುವ ಹಳೇ ಬಗೆಯಲ್ಲಿ 42 ಹಲ್ಲಿನದು 47ರವರೆಗೆ ಹೋಗುತ್ತದೆ. ಕಾಗದದಲ್ಲಿ ಅದೇ ಗೆಲ್ಲುತ್ತದೆ, ಅಲ್ವಾ? ಆದರೆ ಈ ಸೈಕಲ್ ಮೇಲೆ ಸಮ ರಸ್ತೆಯಲ್ಲಿ 38ರ ಮೇಲೆ ತುಂಬಾ ಹೊತ್ತು ತುಳಿಯುವವರು ಕಡಿಮೆ. ಮುಂದೆ ಒಂದೇ ಹಲ್ಲುಚಕ್ರ ಇದ್ದರೆ ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ), ಅದರ ಕೇಬಲ್, ಅದರ ರಗಳೆ ಯಾವುದೂ ಇಲ್ಲ. ನಾನು 32 ಹಲ್ಲಿನ, 11 ಸ್ಪೀಡಿನ ಶಿಮಾನೋ ಡಿಯೋರ್ ಗೇರು ಇರುವುದನ್ನು ತಂದು, ಆಮೇಲೆ ಮುಂದೆ 34 ಹಾಕಿಸಿದೆ. ಹಿಂದೆ 11ರಿಂದ 51 ಹಲ್ಲು ಇರುವುದರಿಂದ ಜೋಗಿಮಟ್ಟಿ ಏರಿಗೂ ತೊಂದರೆ ಆಗಲಿಲ್ಲ. (ಅಲ್ಲಿ ಅರಣ್ಯ ಇಲಾಖೆಯ ಗೇಟ್ ತೆರೆದಿದ್ದಾಗ ಟಾರು ದಾರಿಯಲ್ಲಿ ಮಾತ್ರ ಹೋಗಿ. ಅದು ಚಿರತೆ, ಕರಡಿ ಇರುವ ಕಾಡು.) ಮುಂದಿನ ಹಲ್ಲುಚಕ್ರ ದೊಡ್ಡದು ಮಾಡುವ ಮೊದಲು ಅದಕ್ಕೂ ಫ್ರೇಮಿಗೂ ನಡುವೆ ಜಾಗ ಎಷ್ಟಿದೆ ನೋಡಬೇಕು. ಹಿಂದಿನ ಅತಿ ದೊಡ್ಡ ಹಲ್ಲಿಗೆ ಚೈನ್ ಹಾಕಿ ಅದರ ಉದ್ದ ಸಾಲುತ್ತದಾ ಅಂತಲೂ ನೋಡಬೇಕು.

ಹಿಂದಿನ ಡಿರೇಲರ್‌ನಲ್ಲಿ ಚೈನ್ ಬಿಗಿಯಾಗಿ ಹಿಡಿಯುವ ಕ್ಲಚ್ ಇರಲಿ. ಡಿಯೋರ್ ಅಂತ ಬರೆದಿದ್ದರೂ ಎಲ್ಲದರಲ್ಲೂ ಕ್ಲಚ್ ಇರುವುದಿಲ್ಲ. ಪಕ್ಕದಲ್ಲಿ ಆನ್-ಆಫ್ ಮಾಡುವ ಸಣ್ಣ ಲಿವರ್ ಇದೆಯಾ ನೋಡಿ. ಅದು ಆನ್ ಇದ್ದರೆ ಬಂಡಿ ಜಾಡಿನಲ್ಲಿ ಚೈನ್ ಫ್ರೇಮಿಗೆ ಬಡಿಯುವುದು, ಕಳಚುವುದು ಕಡಿಮೆ.

ರಾಗಿ ಹುಲ್ಲಿಗೆ ಮಾತ್ರ ಯಾವ ಡಿರೇಲರ್ರೂ ತಡೆಯುವುದಿಲ್ಲ. ತುರುವನೂರು ಕಡೆ ಹೋಗುವಾಗ ರಸ್ತೆ ಮೇಲೆ ಹರಡಿದ್ದವರೊಬ್ಬರು ನನ್ನನ್ನು ಕಂಡು "ಇಳುದು ಹೋಗಪ್ಪಾ, ಸುತ್ಗೊಂತತೆ" ಅಂದರು. ಅವರು ಹೇಳಿದ್ದು ಸರಿ. ಹುಲ್ಲಿನ ಎಳೆ ಕ್ಯಾಸೆಟ್ ಹಿಂದೆ, ಡಿರೇಲರ್‌ನ ಪುಟ್ಟ ಚಕ್ರಗಳ ಸಂದಿಯಲ್ಲಿ ಸುತ್ತಿಕೊಂಡರೆ ಡಿರೇಲರನ್ನು ಫ್ರೇಮಿಗೆ ಹಿಡಿಯುವ ಕೊಕ್ಕೆ ಮುರಿಯುತ್ತದೆ. ಇಳಿದು, ಹಿಂದಿನ ಚಕ್ರ ಎತ್ತಿಕೊಂಡು ಹತ್ತು ಹೆಜ್ಜೆ ನಡೆದರೆ ಅವರ ಕಾಳೂ ಚೆಲ್ಲುವುದಿಲ್ಲ. ನಿಮ್ಮ ಫ್ರೇಮಿಗೆ ಹೊಂದುವ ಕೊಕ್ಕೆಯನ್ನು ಸೈಕಲ್ ಕೊಳ್ಳುವಾಗಲೇ ಒಂದು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಮಾಡೆಲ್‌ಗೊಂದು ಬೇರೆ ಇರುತ್ತದೆ, ಬೇಕಾದಾಗ ದುರ್ಗದಲ್ಲೋ ದಾವಣಗೆರೆಯಲ್ಲೋ ತಕ್ಷಣ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಬ್ರೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೈಡ್ರಾಲಿಕ್ ಡಿಸ್ಕ್ ತಗೊಳ್ಳಿ. ಶಿಮಾನೋ ಎಂಟಿ200 ಥರದ್ದೇ ಸಾಕು. ಚಳಿಗೆ ಬೆರಳು ಮರಗಟ್ಟಿದಾಗ ಒಂದೇ ಬೆರಳಲ್ಲಿ ನಿಲ್ಲಿಸಬಹುದು, ಕೇಬಲ್ ಬ್ರೇಕಿನಲ್ಲಿ ಅದು ಆಗದು.

ಸೈಜ್ ವಿಷಯಕ್ಕೆ, ನಿಂತಾಗ ಕಾಲ ಸಂದಿಗೂ ಮೇಲಿನ ಪೈಪಿಗೂ ಎರಡು ಮೂರು ಬೆರಳಾದರೂ ಜಾಗ ಇರಲಿ. ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಈಗಿನ ಹ್ಯಾಂಡಲ್‌ಗಳು 740-760 ಮಿಮೀ ಅಗಲ ಬರುತ್ತವೆ. ಮೂಡಗಾಳಿಗೆ ಎದುರಾಗಿ ಹೋಗುವಾಗ ಅಷ್ಟು ತೋಳು ಚಾಚಿ ಕೂತರೆ ಎದೆಯೆಲ್ಲ ಗಾಳಿ. ನಾನು ಎರಡೂ ತುದಿ ಕತ್ತರಿಸಿ 700ಕ್ಕೆ ತಂದೆ. ಇಳಿಜಾರಿನಲ್ಲಿ ಹಿಡಿತ ಕಡಿಮೆಯಾಯಿತು ಅನ್ನಿಸಲಿಲ್ಲ. ಬೆಳಿಗ್ಗೆ ಹೊರಡುವಾಗ ಮೂಡಲಿಗೆ ಮುಖ ಮಾಡಿ ಗಾಳಿಗೆ ಎದುರು ಹೋಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗೆ ಬರುವ ಹಾಗೆ ದಾರಿ ಇಟ್ಟುಕೊಂಡರೆ 34 ಹಲ್ಲಿನ ಪೂರ್ತಿ ಉಪಯೋಗ ಆಗುತ್ತದೆ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲು ದಾಟಿದ ಮೇಲೆ. ಅದಕ್ಕೆ ಮೊದಲೇ ಹೊರಡುವವರು ಹಿಂದೆ ಕೆಂಪು ದೀಪ, ಮುಂದೆ ಒಳ್ಳೆಯ ಬೆಳಕಿನ ಟಾರ್ಚ್ ಇಲ್ಲದೆ ಹೊರಡಬೇಡಿ. ಮಂಜು ಬಿದ್ದ ದಿನ ಲಾರಿಯವರಿಗೆ ನಾವು ಕಾಣುವುದೇ ಇಲ್ಲ. ಇವಕ್ಕೆ, ಹೆಲ್ಮೆಟ್ಟಿಗೆ, ಸೀಲಂಟಿಗೆ, ಟೈರಿಗೆ ಅಂತ ಬಜೆಟ್ಟಿನಲ್ಲಿ ಎಂಟು ಹತ್ತು ಸಾವಿರ ಮೊದಲೇ ತೆಗೆದಿಡಿ. 60 ಸಾವಿರ ಇದ್ದರೆ 50 ಸಾವಿರದ ಸೈಕಲ್ ನೋಡಿ.

ಗಾಳಿ ಮಾತ್ರ ಹೊರಡುವ ಬೆಳಿಗ್ಗೆಯೇ ನೋಡಿಕೊಳ್ಳಿ. ಮಧ್ಯಾಹ್ನ 30 ಡಿಗ್ರಿಯಲ್ಲಿ 30 ಪಿಎಸ್‌ಐ ತುಂಬಿಸಿಟ್ಟರೆ ಬೆಳಿಗ್ಗೆ 15 ಡಿಗ್ರಿಗೆ ಅದು 28ರ ಹತ್ತಿರಕ್ಕೆ ಇಳಿದಿರುತ್ತದೆ. ನನ್ನ 70 ಕೆಜಿ ತೂಕಕ್ಕೆ ಗರಸಿನಲ್ಲಿ ಮುಂದೆ 24, ಹಿಂದೆ 27 ಹೊಂದುತ್ತದೆ. ಟಾರೇ ಜಾಸ್ತಿ ಇದ್ದ ದಿನ 35. ನಿಮ್ಮ ತೂಕ ಹೆಚ್ಚಿದ್ದರೆ ಎರಡು ಮೂರು ಪಿಎಸ್‌ಐ ಸೇರಿಸಿ, ಒಂದೇ ಏರು ಒಂದೇ ಇಳಿಜಾರಿನಲ್ಲಿ ಓಡಿಸಿ ನೋಡಿ ಹೊಂದಿಸಿಕೊಳ್ಳಿ.