ಒಂದು ದಿನದ ಚೆಸ್ ಟೂರ್ನಿಗೆ ನಾಕ್‌ಔಟ್ ಬೇಡ, ಸ್ವಿಸ್ ಇಡಿ
20–30 ಆಟಗಾರರಿದ್ದರೆ ನಾಕ್‌ಔಟ್‌ನಲ್ಲಿ ಮೊದಲ ಸುತ್ತಿಗೇ ಅರ್ಧ ಜನ ಮನೆಗೆ. ಎಲ್ಲರೂ ಎಲ್ಲರ ಜೊತೆ ಆಡೋದು 8 ಜನರವರೆಗೆ ಸರಿ, ಆಮೇಲೆ ಹೊತ್ತು ಸಾಲಲ್ಲ.

ಸ್ವಿಸ್ ಅಂದರೆ ಯಾರೂ ಹೊರಬೀಳದೆ, ಪ್ರತಿ ಸುತ್ತಲ್ಲೂ ಸಮಾನ ಅಂಕದವರು ಎದುರಾಗೋ ಪದ್ಧತಿ. ಅದರಲ್ಲಿ 32 ಜನರಿಗೆ 5 ಸುತ್ತು ಸಾಕು ಅನ್ನೋದು ಮೊದಲ ಸ್ಥಾನದ ಲೆಕ್ಕ ಮಾತ್ರ. ಎರಡು, ಮೂರನೇ ಬಹುಮಾನವೂ ಇದ್ದರೆ 6 ಇಡಿ. ಒಬ್ಬೊಬ್ಬರಿಗೆ 15 ನಿಮಿಷ, ಜೊತೆಗೆ ನಡೆಗೆ 10 ಸೆಕೆಂಡ್ ಕೊಟ್ಟರೆ 60 ನಡೆಯ ಆಟ 50 ನಿಮಿಷ ಎಳೆಯಬಹುದು. ಸುತ್ತಿಗೆ ಒಂದು ಗಂಟೆ ಹಿಡಿಯಿರಿ.

ಜೋಡಿ ಹಾಕುವಾಗಲೇ ಎಡವಟ್ಟು ಜಾಸ್ತಿ. ಸಮಾನ ಅಂಕದವರನ್ನು ರೇಟಿಂಗ್ ಪ್ರಕಾರ ಸಾಲು ಮಾಡಿ, ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧ ಜೋಡಿಸಿ: 8 ಜನರಿದ್ದರೆ 1–5, 2–6, 1–2 ಅಲ್ಲ. ಆಡಿದ ಜೋಡಿ ಮತ್ತೆ ಬರಬಾರದು, ಸತತ ಮೂರು ಸಲ ಒಂದೇ ಬಣ್ಣ ಬರಬಾರದು. ಬೆಸ ಸಂಖ್ಯೆಯಾದರೆ ಕಡಿಮೆ ಅಂಕದವರಿಗೆ ಬೈ (ಆ ಸುತ್ತು ಆಟವಿಲ್ಲ), 1 ಅಂಕ. ಒಬ್ಬರಿಗೆ ಒಂದೇ ಸಲ.

ಕೊನೆಗೆ ಇಬ್ಬರ ಒಟ್ಟು ಅಂಕ ಟೈ ಆದರೆ ಮೊದಲು ಅವರಿಬ್ಬರ ನಡುವಿನ ಫಲಿತಾಂಶ, ನಂತರ ಬುಕೋಲ್ಟ್ಸ್, ಅಂದರೆ ಎದುರಾಳಿಗಳ ಅಂಕಗಳ ಮೊತ್ತ. ಅದರಲ್ಲಿ ಅತಿ ಕಡಿಮೆಯದನ್ನು ಬಿಡಿ. ಇಲ್ಲದಿದ್ದರೆ ಮೊದಲ ಸುತ್ತಲ್ಲಿ ದುರ್ಬಲ ಎದುರಾಳಿ ಸಿಕ್ಕವರಿಗೆ ಸುಮ್ಮನೆ ಪೆಟ್ಟು. ಈ ಕ್ರಮವನ್ನು ಆಟ ಶುರುವಾಗೋ ಮೊದಲೇ ಗೋಡೆಗೆ ಅಂಟಿಸಿ. ಕೊನೆಯಲ್ಲಿ ಹೇಳಿದರೆ ಜಗಳ ಗ್ಯಾರಂಟಿ.