ಮಳೆಗಾಲಕ್ಕೆ ಮುಂಚಿನ ಸುತ್ತು

ಮೇ ತಿಂಗಳ ಎರಡನೇ ವಾರ. ಕೊಡಗಿನ ಮನೆಗಳಲ್ಲಿ ಸೌದೆ ಒಟ್ಟುವ, ಒಣಮೀನು ಡಬ್ಬಿಗೆ ತುಂಬುವ, ಒಡೆದ ಹಂಚು ಬದಲಾಯಿಸುವ ಹೊತ್ತು. ನನಗೆ ಅದು ಮಾತ್ರೆ ಎಣಿಸುವ ಹೊತ್ತು. ಯಾರ ಮನೆಯಲ್ಲಿ ಎಷ್ಟು ದಿನದ ಮಾತ್ರೆ ಉಳಿದಿದೆ, ಜುಲೈಯಲ್ಲಿ ಬಸ್ಸು ನಿಂತರೆ ಯಾರಿಗೆ ತಪ್ಪುತ್ತದೆ, ಮೊದಲ ಗುಡುಗಿಗೇ ನಿದ್ದೆಗೆಡುವವರು ಯಾರು ಎಂದು ನೋಡಿಕೊಂಡು ಬರಲು ಹೊರಡುತ್ತೇನೆ. ಜೊತೆಗೆ ಆ ಊರಿನ ಆಶಾ ಕಾರ್ಯಕರ್ತೆ ಇರುತ್ತಾರೆ. ಇದನ್ನು ಯಾರೂ ನನಗೆ ಕಾಲೇಜಿನಲ್ಲಿ ಕಲಿಸಿದ್ದಲ್ಲ. 2018ರ ನಂತರ ತಪ್ಪು ಮಾಡುತ್ತಾ ಕಲಿತದ್ದು.

ನಾನು ಆಪ್ತಸಮಾಲೋಚಕಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಓದಿದವಳು. ಆ ವಿಭಾಗವನ್ನು 1924ರಲ್ಲಿ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿ ಅದನ್ನು 'ಆಕಾಶವಾಣಿ' ಎಂದು ಕರೆದವರೂ ಅವರೇ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಬೆಳೆಸಿದ ಮನೋವೈದ್ಯ ಎಂ.ವಿ. ಗೋವಿಂದಸ್ವಾಮಿ ಬೇರೆಯವರು. ಪರೀಕ್ಷೆಯಲ್ಲಿ ನಾವೆಲ್ಲ ಈ ಎರಡು ಹೆಸರನ್ನು ಅದಲುಬದಲು ಬರೆಯುತ್ತಿದ್ದೆವು. ಆ ಆಸ್ಪತ್ರೆಯೂ 1954ರಲ್ಲಿ ಅದರ ಪಕ್ಕದಲ್ಲೇ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆ, ತರಬೇತಿ, ಸಂಶೋಧನೆ ಮೂರೂ ಒಂದೇ ಕಾಂಪೌಂಡಿನೊಳಗೆ. ಓದುವಾಗ ಇದು ನನಗೆ ಬರೀ ಚರಿತ್ರೆಯಾಗಿತ್ತು. ಆ ಮೂರನ್ನೂ ಬಿಡಿಬಿಡಿಯಾಗಿ ಮಾಡಿದರೆ ಏನಾಗುತ್ತದೆ ಎನ್ನುವುದು ಗೊತ್ತಾದದ್ದು ಮಡಿಕೇರಿಗೆ ವಾಪಸಾದ ಮೇಲೆ.

2018ರ ಆಗಸ್ಟ್ ಮಧ್ಯದಲ್ಲಿ ಗುಡ್ಡಗಳು ಜರಿದವು. ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮೊಣ್ಣಂಗೇರಿ. ಉಟ್ಟ ಬಟ್ಟೆಯಲ್ಲಿ ಬಂದವರನ್ನು ಶಾಲೆ, ಸಭಾಂಗಣಗಳಲ್ಲಿ ಇರಿಸಿದ್ದರು. ನಾನು ಎರಡನೇ ದಿನವೇ ಒಂದು ಶಿಬಿರಕ್ಕೆ ಹೋದೆ. ಒಬ್ಬ ತಾಯಿಯನ್ನು ಮೂಲೆಯಲ್ಲಿ ಕೂರಿಸಿಕೊಂಡು, "ಏನೇನಾಯಿತು, ಮೊದಲಿನಿಂದ ಹೇಳಿ ಅಕ್ಕ. ಹೇಳಿದರೆ ಮನಸ್ಸು ಹಗುರವಾಗುತ್ತದೆ" ಅಂದೆ. ಅವರು ಹೇಳಿದರು. ಕೊಟ್ಟಿಗೆಯ ದನ ಬಿಚ್ಚಲು ಹೋದ ಗಂಡ, ಆ ಸದ್ದು, ಆ ಕೆಸರಿನ ವಾಸನೆ, ಎಲ್ಲವನ್ನೂ. ಗಂಡ ಬದುಕಿದ್ದರು, ಪಕ್ಕದಲ್ಲೇ ಇದ್ದರು. ಆದರೂ ಆ ರಾತ್ರಿ ಅವರು ಚೀರಿಕೊಂಡು ಎದ್ದರಂತೆ. ಮಾರನೆಯ ದಿನ ನನ್ನನ್ನು ಕಂಡು ಮುಖ ತಿರುಗಿಸಿದರು.

ನಾನು ಮಾಡಿದ್ದಕ್ಕೆ ಡಿಬ್ರೀಫಿಂಗ್ ಎಂಬ ಹೆಸರಿದೆ ಎಂದು ಗೊತ್ತಾದದ್ದು ಆಮೇಲೆ ತರಬೇತಿಗೆ ಕೂತಾಗ. 1980ರ ದಶಕದಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆಂದು ರೂಪಿಸಿದ ಪದ್ಧತಿ. ದುರಂತದ ಬೆನ್ನಿಗೇ ಒಂದು ಸಲ ಕೂರಿಸಿ ಎಲ್ಲವನ್ನೂ ಹೇಳಿಸುವುದು. ನಂತರ ಸಂತ್ರಸ್ತರ ಮೇಲೆ ಇದನ್ನು ಪರೀಕ್ಷಿಸಿ ನೋಡಿದಾಗ ಲಾಭ ಕಾಣಲಿಲ್ಲ, ಕೆಲವರಿಗೆ ಸಂಕಟ ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇದು ಬೇಡ ಎನ್ನುತ್ತದೆ. ಅದರ ಬದಲು 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರು ಮಾತಿದೆ: ನೋಡು, ಕೇಳು, ಜೋಡಿಸು. ಯಾರಿಗೆ ಏನು ತುರ್ತು ಎಂದು ನೋಡು. ಅವರಾಗಿ ಹೇಳಿದ್ದನ್ನು ಕೇಳು, ಕೆದಕಬೇಡ. ಮನೆಯವರಿಗೆ, ವೈದ್ಯರಿಗೆ, ಪರಿಹಾರದ ಕೌಂಟರಿಗೆ, ಯಾರು ಬೇಕೋ ಅವರಿಗೆ ಜೋಡಿಸು. ಆ ತಾಯಿಗೆ ಅವತ್ತು ಬೇಕಿದ್ದದ್ದು ಒಂದು ಫೋನ್ ಚಾರ್ಜರ್. ಮಂಗಳೂರಿನಲ್ಲಿ ಓದುತ್ತಿದ್ದ ಮಗನಿಗೆ "ಬದುಕಿದ್ದೇವೆ" ಎಂದು ಹೇಳಬೇಕಿತ್ತು. ನಾನು ಅದನ್ನು ಕೇಳಲೇ ಇಲ್ಲ.

ಅದೇ ಶಿಬಿರದಲ್ಲಿ ಇನ್ನೊಂದು. ತೋಟದ ಕೂಲಿಕಾರರ ಲೈನ್ ಮನೆಯಿಂದ ಬಂದ ಒಬ್ಬರು ಮೂರನೇ ದಿನ ಕೈ ನಡುಗಿಸುತ್ತಾ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಕೂಗಾಡತೊಡಗಿದರು. ಜಾಗ ಬಿಟ್ಟು ಬಂದದ್ದಕ್ಕೆ ಗುಳಿಗ ದೈವದ ಉಪದ್ರ ಎಂದರು ಒಂದಿಬ್ಬರು. ಗುಡ್ಡ ಜರಿದ ಆಘಾತ ಎಂದೆ ನಾನು. ಇಬ್ಬರದೂ ತಪ್ಪು. ದಿನಾ ಕುಡಿಯುವವರಿಗೆ ಕುಡಿತ ದಿಢೀರ್ ನಿಂತರೆ ಎರಡು ಮೂರು ದಿನದಲ್ಲಿ ಹೀಗಾಗುತ್ತದೆ, ಜೀವಕ್ಕೇ ಅಪಾಯ. ಶಿಬಿರದ ನರ್ಸ್ ಕಂಡುಹಿಡಿದು ಜಿಲ್ಲಾ ಆಸ್ಪತ್ರೆಗೆ ಸಾಗಿಸಿದರು. ಥಯಾಮಿನ್ ಎಂಬ ವಿಟಮಿನ್, ನಡುಕ ಇಳಿಸುವ ಮಾತ್ರೆ ಕೊಟ್ಟು ಉಳಿಸಿಕೊಂಡರು. "ಇವತ್ತಿನಿಂದ ಬಿಟ್ಟುಬಿಡಿ" ಎಂದು ಕುಡಿಯುವವರಿಗೆ ಬುದ್ಧಿ ಹೇಳುವುದನ್ನು ನಾನು ಅವತ್ತೇ ಬಿಟ್ಟೆ. ವೈದ್ಯರ ಕೈಗೆ ಒಪ್ಪಿಸಿಯೇ ಬಿಡಿಸಬೇಕು.

ಆಮೇಲೆ ಒಂದು ಪುಟ್ಟ ಸಂಸ್ಥೆ ಸೇರಿದೆ. ಮೊದಲ ವರ್ಷ ಸಮಾಲೋಚನೆಗೆಂದು ಒಂದು ಕೋಣೆ, ಎರಡು ಕುರ್ಚಿ, ಬಾಗಿಲಿಗೆ ಬೋರ್ಡು. ಯಾರೂ ಬರಲಿಲ್ಲ. ಸಣ್ಣ ಜಿಲ್ಲೆ ಇದು. ಬಾಗಿಲಿಗೆ ಕೈಯಿಟ್ಟರೆ ಸಾಕು, ಸಂಜೆಯೊಳಗೆ ಸುದ್ದಿ ಸಂತೆಗೆ ಮುಟ್ಟುತ್ತದೆ. ಕೋಣೆ ಖಾಲಿ ಮಾಡಿ, ಆಗಲೇ ಮನೆಮನೆಗೆ ಹೋಗುತ್ತಿರುವವರಿಗೆ ಕಲಿಸಲು ಹೊರಟೆ. ಇದರಲ್ಲಿ ಹೊಸದೇನಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಮಾಡಿ ತೋರಿಸಿದ್ದೇ ಇದನ್ನು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು.

ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ. ಮೊದಮೊದಲು ಪ್ರೊಜೆಕ್ಟರ್ ಹಾಕಿ ಖಿನ್ನತೆ, ಆತಂಕ, ಮನೋವಿಕಾರ ಎಂದು ಪಾಠ ಮಾಡಿದೆ. ಎಲ್ಲರೂ ಬರೆದುಕೊಂಡರು. ಕೊನೆಗೆ ಒಬ್ಬರು ಎದ್ದು, "ಮೇಡಂ, ನಮ್ಮೂರಲ್ಲಿ ಖಿನ್ನತೆ ಯಾರಿಗೂ ಇಲ್ಲ. ಬೇಜಾರಿನವರು ಮಾತ್ರ ತುಂಬಾ ಜನ ಇದ್ದಾರೆ" ಅಂದರು. ಆ ಮಾತಿನಿಂದ ನನ್ನ ತರಬೇತಿಯೇ ಬದಲಾಯಿತು. ಈಗ ಆರಂಭದಲ್ಲಿ ನಾನು ಏನೂ ಹೇಳುವುದಿಲ್ಲ. ನಿಮ್ಮ ಕಡೆ ಏನನ್ನುತ್ತಾರೆ ಎಂದು ಕೇಳುತ್ತೇನೆ. ಊಟ ಸೇರಲ್ಲ, ನಿದ್ದೆ ಹತ್ತಲ್ಲ, ಎದೆ ಡವಡವ, ತಲೆ ಭಾರ, ಕೈಕಾಲಲ್ಲಿ ಜೀವವೇ ಇಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು, ಒಂದೊಂದರಲ್ಲೂ ಒಂದೊಂದು ಮಾತು. ಬೋರ್ಡು ತುಂಬುತ್ತದೆ. ಎರಡು ವಾರಕ್ಕೂ ಹೆಚ್ಚು ಇದೇ ಇದ್ದು ದಿನದ ಕೆಲಸ ಕೆಟ್ಟಿದ್ದರೆ ಕಳಿಸಿಕೊಡಿ ಎನ್ನುತ್ತೇನೆ.

ಮತ್ತೆ, ಏನು ಹೇಳಬಾರದು ಎನ್ನುವುದು. "ಜೀವ ಉಳಿಯಿತಲ್ಲ, ಅದೇ ದೊಡ್ಡದು." ಮನೆ ಕಳೆದುಕೊಂಡವರಿಗೆ ಎಲ್ಲರೂ ಇದನ್ನು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಈ ಮಾತು ಕಿವಿಗೆ ಬಿದ್ದ ಮೇಲೆ ಯಾರೂ ತಮ್ಮ ತೋಟದ ಬಗ್ಗೆ ಅಳುವ ಹಾಗಿಲ್ಲ. ಪುನರ್ವಸತಿ ಬಡಾವಣೆಯ ಒಬ್ಬ ಅಜ್ಜ ವರ್ಷವಿಡೀ ಚೆನ್ನಾಗಿರುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಮಾತ್ರ ಮಂಕಾಗುತ್ತಿದ್ದರು. ಸೊಸೆಗೆ ಅರ್ಥವಾಗದೆ ಬಿಪಿ ಇರಬೇಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಊರ ಆಶಾ ಕಾರ್ಯಕರ್ತೆ ಕೇಳಿದ್ದು ಒಂದೇ ಮಾತು: "ಅಜ್ಜ, ನಿಮ್ಮ ತೋಟದಲ್ಲಿ ರೋಬಸ್ಟಾ ಎಷ್ಟು ಗಿಡ ಇತ್ತು?" ಅಜ್ಜ ಒಂದು ಗಂಟೆ ಮಾತಾಡಿದರು. ಗಿಡ ಹೋದದ್ದಲ್ಲ, ಗಿಡ ನಿಂತಿದ್ದ ನೆಲವೇ ಹೊಳೆಗೆ ಹೋಗಿತ್ತು. ಹೂ ಬಿಟ್ಟ ವಾಸನೆ ಬರಬೇಕಾದ ದಿನಗಳಲ್ಲಿ ಅದು ಬರುತ್ತಿರಲಿಲ್ಲ. ಅವರಿಗೆ ಮಾತ್ರೆ ಬೇಕಾಗಲಿಲ್ಲ.

ಬೇಕಾದವರೂ ಇದ್ದಾರೆ, ಅವರನ್ನು ಮಾತಿನಲ್ಲೇ ತಡೆದಿಟ್ಟುಕೊಳ್ಳುವುದು ಅನ್ಯಾಯ. ಇಲ್ಲಿ ಒಂದು ಸ್ಪಷ್ಟ ಮಾಡಬೇಕು. ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಾರೆ, ನಾನಲ್ಲ. ಮಾತ್ರೆ ಬರೆಯುವವರು ಮನೋವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಅದಕ್ಕೆಂದೇ ಇರುವ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ನನ್ನ ಕೆಲಸ ಜನರನ್ನು ಅವರ ತನಕ ಮುಟ್ಟಿಸುವುದು ಮತ್ತು ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ಬಿಟ್ಟುಹೋಗುವುದು ಎರಡು ಕಡೆ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ "ಏನೂ ಆಗಲಿಲ್ಲ" ಎಂದು ಬಿಡುತ್ತಾರೆ. ದಾಟಿದವರು ಮೂರನೇ ತಿಂಗಳು "ಈಗ ಚೆನ್ನಾಗಿದ್ದೇನಲ್ಲ" ಎಂದು ಬಿಡುತ್ತಾರೆ. ಈ ಎರಡೂ ಹೊತ್ತಿಗೆ ಯಾರಾದರೂ ಬಾಗಿಲಿಗೆ ಹೋಗಿ ನಿಲ್ಲಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಇದೆ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದಾಗಿನಿಂದ ನಾನು ಎಲ್ಲರಿಗೂ ಬರೆದುಕೊಡುತ್ತೇನೆ. ಆದರೆ ಮಳೆಗಾಲದಲ್ಲಿ ಕರೆಂಟು ಹೋಗಿ ವಾರಗಟ್ಟಲೆ ನೆಟ್‌ವರ್ಕ್ ಇರದ ಊರಿಗೆ ಫೋನ್ ನಂಬರನ್ನೇ ನೆಚ್ಚಿಕೊಂಡು ಕೂರಲಾಗದು. ಅದಕ್ಕೇ ಮೇ ತಿಂಗಳ ಸುತ್ತು. ಅಕ್ಕಿ, ಬೇಳೆಯ ಜೊತೆ ಮಾತ್ರೆಯೂ ಮಳೆಗಾಲದ ಸಾಮಾನಿನಲ್ಲಿ ಸೇರಿರಬೇಕು. ವೈದ್ಯರು ಒಪ್ಪಿದವರಿಗೆ ಹೆಚ್ಚಿನ ದಿನಗಳ ಮಾತ್ರೆ ಬರೆಸಿ, ಮನೆಯವರ ಕೈಗೆ ಕೊಡಿಸುತ್ತೇನೆ.

ಕೊಡಗಿನಲ್ಲಿ ಕೇಳಲೇಬೇಕಾದ, ಕೇಳಲು ಅತಿ ಕಷ್ಟವಾದ ಪ್ರಶ್ನೆ ಇನ್ನೊಂದಿದೆ. "ಬದುಕಿದ್ದು ಏನು ಪ್ರಯೋಜನ ಅಂತ ಅನಿಸುತ್ತದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದು ಪ್ರತಿ ತರಬೇತಿಯಲ್ಲೂ ಕೇಳುತ್ತಾರೆ. ಇಲ್ಲ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಹೆಚ್ಚಿನವರು ಕೇಳಿದವರಿದ್ದಾರಲ್ಲ ಎಂದು ಉಸಿರುಬಿಡುತ್ತಾರೆ. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆ ಮನೆಯವರಿಗಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷಿಸದೆ ಆರೈಕೆ ಕೊಡಬೇಕು ಎನ್ನುತ್ತದೆ ಎಂದು ವಿವರಿಸುತ್ತೇನೆ.

ಉತ್ತರ "ಹೌದು" ಎಂದಾದರೆ ಮುಂದಿನ ಮಾತು ಮನೆಯಲ್ಲಿರುವ ಕೋವಿಯದು, ತೋಟಕ್ಕೆ ತಂದಿಟ್ಟ ಕೀಟನಾಶಕದ್ದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಕೈಲ್‌ಪೊಳ್ದು ಹಬ್ಬದಂದು ಹೂವಿಟ್ಟು ಪೂಜಿಸುವ ಕೋವಿ ಅದು, ಮನೆಯ ಮರ್ಯಾದೆ. "ಕೋವಿ ಮನೆಯಿಂದ ತೆಗೆಯಿರಿ" ಎಂದು ಹೊರಗಿನವರು ಹೇಳಿದರೆ ಬಾಗಿಲು ಮುಚ್ಚುತ್ತದೆ. ಒಮ್ಮೆ ನನಗೂ ಮುಚ್ಚಿತ್ತು. ಈಗ ಒಕ್ಕದ, ಅಂದರೆ ಆ ವಂಶದ, ಹಿರಿಯರ ಹತ್ತಿರ ಹೋಗುತ್ತೇನೆ. "ಅವರು ಗುಣವಾಗುವವರೆಗೆ ಕೋವಿ ಐನ್‌ಮನೆಯಲ್ಲಿ (ವಂಶದ ಮೂಲಮನೆಯಲ್ಲಿ) ನಿಮ್ಮ ಕಣ್ಣೆದುರು ಇರಲಿ, ಗುಂಡು ಬೇರೆ ಕಡೆ ಬೀಗ ಹಾಕಿರಲಿ" ಎಂದು ಕೇಳಿಕೊಳ್ಳುತ್ತೇನೆ. ಹಾಗಿಡಲು ಕಾನೂನಿನ ತೊಡಕಿದೆಯೇ ಎಂದು ಮನೆಯವರೇ ಠಾಣೆಯಲ್ಲಿ ವಿಚಾರಿಸಿಕೊಳ್ಳುತ್ತಾರೆ. ಹಿರಿಯರು ಕರೆದರೆ ಕೋವಿ ಹೋಗುವುದು ಅವಮಾನವಲ್ಲ. ಸಾಯಬೇಕೆಂಬ ತೀವ್ರತೆ ಬಹಳ ಸಲ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗದಂತಿರುವುದೇ ಎಷ್ಟೋ ಜನರನ್ನು ಉಳಿಸುತ್ತದೆ.

ಇನ್ನು ಸಂಶೋಧನೆ. ಜರಿತದ ನಂತರದ ಎರಡು ವರ್ಷ ಶಿಬಿರಗಳಿಗೆ, ಬಡಾವಣೆಗಳಿಗೆ ಪ್ರಶ್ನೆಪಟ್ಟಿ ಹಿಡಿದು ಬಂದವರು ಬಹಳ. ಜನ ಸಹಿ ಹಾಕಿ ಕಾದರು. "ಸರ್ವೆ ಮಾಡಿಕೊಂಡು ಹೋದರು, ಪರಿಹಾರ ಬರಲೇ ಇಲ್ಲ." ಅದು ಪರಿಹಾರದ ಪಟ್ಟಿಯಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದಿತ್ತು, ಒಪ್ಪಿಗೆ ಇರಲಿಲ್ಲ. ಈಗ ನಮ್ಮ ಮೂಲಕ ಬರುವ ವಿದ್ಯಾರ್ಥಿಗಳಿಗೆ ನಾನು ಹಟ ಹಿಡಿದು ಮೂರು ಷರತ್ತು ಹಾಕುತ್ತೇನೆ. ಇದರಿಂದ ದುಡ್ಡು ಬರುವುದಿಲ್ಲ ಎಂದು ಮೊದಲೇ ಹೇಳಬೇಕು. ಪ್ರಶ್ನೆ ಕೇಳಿ ಯಾರಾದರೂ ಕುಸಿದರೆ ಅವತ್ತೇ ಯಾರ ಬಳಿ ಕರೆದೊಯ್ಯುತ್ತೀರಿ ಎಂದು ಬರೆದುಕೊಡಬೇಕು. ಮುಗಿದ ಮೇಲೆ ಮತ್ತೆ ಬಂದು, ಏನು ತಿಳಿಯಿತು ಎಂದು ಬಡಾವಣೆಯಲ್ಲೇ ಹೇಳಬೇಕು. ಮೂರನೆಯದನ್ನು ಕೇಳಿ ಹಿಂದೆ ಸರಿದವರಿದ್ದಾರೆ. ಸರಿಯಲಿ.

ನನ್ನ ತಪ್ಪನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 20 ಪ್ರಶ್ನೆಗಳ ಪಟ್ಟಿಯೊಂದಿದೆ, ಹೌದು-ಇಲ್ಲ ಎಂದರಾಯಿತು. ಅದರಲ್ಲಿ ದಿನನಿತ್ಯದ ಕೆಲಸ ಕೆಡುತ್ತಿದೆಯೇ ಎಂದು ಕೇಳುತ್ತಾರೆ. ಶಿಬಿರದಲ್ಲಿದ್ದವರಿಗೆ ಕೆಲಸವೆಲ್ಲಿತ್ತು? ನಾನೇ ಅದನ್ನು "ಊಟ, ಸ್ನಾನ ಕಷ್ಟವಾಗುತ್ತಿದೆಯೇ" ಎಂದು ಬದಲಿಸಿ ಕೇಳುತ್ತಾ ಹೋದೆ. ಆ ಹಾಳೆಗಳನ್ನು ನೋಡಿದ ಹಿರಿಯ ಸಂಶೋಧಕಿಯೊಬ್ಬರು, "ಇವರಿಗೆ ಸಹಾಯ ಮಾಡಲು ಇವು ಸಾಕು. ಬೇರೆ ಕಡೆಯ ಲೆಕ್ಕದ ಜೊತೆ ಹೋಲಿಸಲು ಮಾತ್ರ ಬರುವುದಿಲ್ಲ" ಅಂದರು. ಪದ ಬದಲಿಸಲು ಒಂದು ಕ್ರಮವಿದೆ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು, ಎಲ್ಲಿ ಅರ್ಥ ಜಾರಿತೆಂದು ಹುಡುಕಿ, ಕೆಲವರಿಗೆ ಓದಿ ನೋಡಬೇಕು. ಅರೆಭಾಷೆಗೆ, ಯರವ ಭಾಷೆಗೆ ಹೀಗೆ ಮಾಡಲು ಹೊರಟಿದ್ದೇವೆ. ನಿಧಾನದ ಕೆಲಸ. ಆದರೆ ಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಮಾನಸಿಕ ತೊಂದರೆ ಇತ್ತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಲೈನ್ ಮನೆಯ ಯರವ ಬುಡಕಟ್ಟಿನ ಹೆಣ್ಣುಮಗಳ ಬೇಜಾರು ಆ ಅಂಕಿಯಲ್ಲಿ ಸೇರಿಲ್ಲ.

ಈ ಬಾರಿಯ ಸುತ್ತಿನಲ್ಲಿ ಒಂದು ಲೈನ್ ಮನೆಗೆ ಹೋಗಿದ್ದೆವು. ಆಶಾ ಕಾರ್ಯಕರ್ತೆ ಒಳಗೆ ಹೋದರು, ನನ್ನನ್ನು ಹೊರಗೇ ನಿಲ್ಲಿಸಿದರು. "ನೀವಿದ್ದರೆ ಅವಳು ಬಾಯಿ ಬಿಡುವುದಿಲ್ಲ, ಅಕ್ಕ." ಅರ್ಧ ಗಂಟೆ ಒಳಗಿನಿಂದ ಯರವ ಭಾಷೆಯಲ್ಲಿ ಮಾತು ಕೇಳುತ್ತಿತ್ತು, ನಡುವೆ ಬಿಕ್ಕಿದ ಸದ್ದು. ಹೊರಗೆ ಬಂದವರು, ಮಂಗಳವಾರ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುವುದಾಗಿ ಹೇಳಿ, ಮುಂದಿನ ಮನೆಯ ಕಡೆ ಕೈ ತೋರಿಸಿದರು. ಪಟ್ಟಿಯಲ್ಲಿ ಇನ್ನೂ 14 ಮನೆಗಳಿವೆ. ಮುಂಗಾರು ಹಿಡಿಯುವುದರೊಳಗೆ ಮುಗಿಸಬೇಕು.