ಬಯಲಾಟದ ರಾತ್ರಿ, ಸದ್ದಿಲ್ಲದ ಕ್ಯಾಮೆರಾ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಯಲಾಟಗಳಿಗೆ ನಾನು ಕ್ಯಾಮೆರಾ ಹೊತ್ತುಕೊಂಡು ಹೋಗಲು ತೊಡಗಿದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ) ಫಿಲ್ಮನ್ನು 1600ರ ಲೆಕ್ಕದಲ್ಲಿ ತೆಗೆದು, ತೊಳೆಯುವಾಗ ಹೆಚ್ಚು ಹೊತ್ತು ದ್ರಾವಣದಲ್ಲಿ ಬಿಡುತ್ತಿದ್ದೆ. ಅಷ್ಟಾದರೂ ಷಟರ್ ವೇಗ 1/60 ಸೆಕೆಂಡ್ ದಾಟುತ್ತಿದ್ದುದು ಅಪರೂಪ. ದಿಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವ ಪುಂಡುವೇಷ (ಎಳೆಯ ವೀರನ ಪಾತ್ರ) ಅದರಲ್ಲಿ ಬಣ್ಣದ ಸುಳಿಯಾಗಿ ಮಾತ್ರ ಉಳಿಯುತ್ತಿತ್ತು. ಫ್ಲಾಶ್ ಹಾಕಲು ಮನಸ್ಸು ಒಪ್ಪುತ್ತಿರಲಿಲ್ಲ. ಕುಣಿಯುತ್ತಿರುವವರ ಕಣ್ಣಿಗೆ ಅದು ಹಿಂಸೆ.

ಈಗ ಮಿರರ್‌ಲೆಸ್ ಕ್ಯಾಮೆರಾದಲ್ಲಿ 6400 ಐಎಸ್‌ಒ ಇಟ್ಟು 1/500ರಲ್ಲಿ ನಿರಾತಂಕವಾಗಿ ತೆಗೆಯುತ್ತೇನೆ. ಆದರೆ ನನಗೆ ಅದಕ್ಕಿಂತ ದೊಡ್ಡ ವರವೆನಿಸಿದ್ದು ಮೌನ. ಹಿಂದೊಮ್ಮೆ ಭಾಗವತರು ವಿಳಂಬದಲ್ಲಿ, ಅಂದರೆ ನಿಧಾನಗತಿಯಲ್ಲಿ, ಕರುಣರಸದ ಪದ್ಯ ಎತ್ತಿದ್ದಾಗ ಪಕ್ಕದ ಹಿರಿಯರು, "ಮಾರಾಯರೇ, ಆ ಟಕಟಕ ಒಮ್ಮೆ ನಿಲ್ಲಿಸುತ್ತೀರಾ?" ಎಂದಿದ್ದರು. ಅವರು ಹೇಳಿದ್ದು ಸರಿಯೇ ಇತ್ತು.

ಎಲೆಕ್ಟ್ರಾನಿಕ್ ಷಟರ್‌ನಲ್ಲಿ ಸದ್ದೇ ಇಲ್ಲ. ಆದರೆ ಅದನ್ನು ಬಳಸಿದ ಮೊದಲ ರಾತ್ರಿಯ ಚಿತ್ರಗಳಲ್ಲೆಲ್ಲ ಅಡ್ಡಡ್ಡ ಕಪ್ಪು ಪಟ್ಟಿಗಳು! ಹುಡುಕಿದಾಗ ಕಾರಣ ಸಿಕ್ಕಿತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು; ರಂಗಸ್ಥಳದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ಬೆಳಕು, ಕೆಲವಕ್ಕೆ ಕತ್ತಲೆ ಸಿಗುತ್ತದೆ. 1/100ಕ್ಕೆ ಇಳಿಸಿದರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗು ದಕ್ಕಿ ಪಟ್ಟಿ ಮಾಯವಾಗುತ್ತದೆ. ಹಾಗಾಗಿ ವಿಳಂಬ ಪದ್ಯಕ್ಕೆ ಸದ್ದಿಲ್ಲದ ಷಟರ್, 1/100. ಚೆಂಡೆ ಏರಿದಾಗ ಯಾಂತ್ರಿಕ ಷಟರ್, 1/500, ಜೊತೆಗೆ ಮಿನುಗು ತಡೆಯುವ ಆಯ್ಕೆ. ಚೆಂಡೆಯ ಅಬ್ಬರದಲ್ಲಿ ಷಟರಿನ ಸದ್ದು ಯಾರಿಗೆ ಕೇಳಬೇಕು? 2023ರಲ್ಲಿ ಸೋನಿ ಪ್ರಕಟಿಸಿದ ಎ9 III ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುತ್ತದೆ, ಅದರಲ್ಲಿ ಈ ಪಟ್ಟಿಗಳಿಲ್ಲ. ಅದರ ಬೆಲೆ ಮಾತ್ರ ನನ್ನ ಕೈಗೆಟುಕುವಂಥದ್ದಲ್ಲ.

ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಸೌಲಭ್ಯ ಸ್ತ್ರೀವೇಷಕ್ಕೂ ಪುಂಡುವೇಷಕ್ಕೂ ಚೆನ್ನಾಗಿ ಒದಗುತ್ತದೆ. ರಾಕ್ಷಸ ಪಾತ್ರವಾದ ಬಣ್ಣದ ವೇಷ ದೊಂದಿಯ ಬೆಳಕಿನಲ್ಲಿ ಬಂದಾಗ ನನ್ನ ಕ್ಯಾಮೆರಾ ತಬ್ಬಿಬ್ಬಾಗುತ್ತದೆ. ಚುಟ್ಟಿಯಿಟ್ಟ, ಅಂದರೆ ಹಿಟ್ಟಿನ ಮುಳ್ಳುಗಳನ್ನು ಮೂಡಿಸಿದ, ಆ ಮುಖ ಅದಕ್ಕೆ ಮುಖವಾಗಿ ಕಾಣುವುದಿಲ್ಲ, ಫೋಕಸ್ ಕಿರೀಟಕ್ಕೆ ಹಾರುತ್ತದೆ. ಅಲ್ಲಿ ಒಂದೇ ಬಿಂದುವನ್ನು ನಾನೇ ಕಣ್ಣಿನ ಮೇಲಿಡುತ್ತೇನೆ. ರಾಳ ಎರಚಿದಾಗ ಬೆಂಕಿ ಭುಗಿಲೇಳುವ ಕ್ಷಣಕ್ಕೆ ಮೊದಲೇ ಎಕ್ಸ್‌ಪೋಶರ್ ತಗ್ಗಿಸಿಕೊಂಡಿರುತ್ತೇನೆ.

ಗುಂಡಿ ಒತ್ತುವುದಕ್ಕಿಂತ ಅರೆಕ್ಷಣ ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯವನ್ನು ಮೇಳದ ಒಂದು ತಿರುಗಾಟದ ಕಾಲ ಬಳಸಿ ಬಿಟ್ಟುಬಿಟ್ಟೆ. ದಿಗಿಣ ಯಾವಾಗ ಏಳುತ್ತದೆಂದು ಚೆಂಡೆ ಮದ್ದಳೆಗಳ ಬಿಡ್ತಿಗೆ ಎಂಬ ನುಡಿತವೇ ಹೇಳುತ್ತದೆ. ಕಿವಿ ತೆರೆದಿದ್ದರೆ ಬೆರಳು ತಡವಾಗುವುದಿಲ್ಲ. ಬೆಳಗ್ಗೆ ಸಾವಿರ ಚಿತ್ರಗಳ ನಡುವೆ ಒಂದನ್ನು ಹುಡುಕುವ ಕೆಲಸವೂ ತಪ್ಪುತ್ತದೆ.

ಕೃತಕ ಬುದ್ಧಿಮತ್ತೆಯಿಂದ ಚಿತ್ರದ ಕಾಳು (ಹೆಚ್ಚಿನ ಐಎಸ್‌ಒದಲ್ಲಿ ಮೂಡುವ ಚುಕ್ಕೆಗಳು) ತೆಗೆಯುವ ತಂತ್ರಾಂಶವನ್ನೂ ಬಳಸಿ ನೋಡಿದೆ. ಹೊಳೆಯುವ ಚಿತ್ರವನ್ನು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷದ ಕಲಾವಿದರಿಗೆ ತೋರಿಸಿದೆ. ಅವರು ತುಸು ಹೊತ್ತು ನೋಡಿ, "ನನ್ನ ಚುಟ್ಟಿಯ ಮುಳ್ಳುಗಳೆಲ್ಲಿ?" ಎಂದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕುಳಿತು ಒಂದೊಂದಾಗಿ ಇಟ್ಟ ಮುಳ್ಳುಗಳನ್ನು ತಂತ್ರಾಂಶ ಕಾಳೆಂದು ತಿಳಿದು ಸವರಿಹಾಕಿತ್ತು. ಅಂದಿನಿಂದ ಬಣ್ಣದ ವೇಷದ ಚಿತ್ರಗಳನ್ನು ಕಾಳಿನ ಸಮೇತವೇ ಅಚ್ಚು ಹಾಕಿಸುತ್ತೇನೆ.